ಎತ್ತದ ಫೋನಿನ ಆದಿಲಕ್ಷ್ಮಮ್ಮ

೧೯೯೪ರ ಬೇಸಿಗೆಯಲ್ಲಿ ಶಶಿರೇಖಾ ಎಂಬ ಹುಡುಗಿ ಬೆಂಗಳೂರಿನ ಯಾವುದೋ ಸಂಸ್ಥೆಯ ಪರವಾಗಿ ಒಂದು ಕಟ್ಟು ಅಚ್ಚಾದ ಹಾಳೆ ಹಿಡಿದುಕೊಂಡು ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಬಂದಳು. ಯಾವ ಕಡೆಯ ಸಂಸಾರಗಳು ಟೆಲಿಫೋನಿಗೆ ತಿಂಗಳಿಗೆ ಎಷ್ಟು ಖರ್ಚು ಮಾಡುತ್ತವೆ ಎಂದು ತಿಳಿದುಕೊಳ್ಳುವುದು ಅವಳ ಕೆಲಸ. ನಮ್ಮ ಬೀದಿಯಲ್ಲಿ ಮೂವತ್ತೆರಡು ಮನೆ, ಎಪ್ಪತ್ತಕ್ಕೂ ಮೀರಿ ವಿದ್ಯುತ್ ಮಗ್ಗ, ಒಂದು ಟೆಲಿಫೋನು. ಆ ಒಂದು ನನ್ನದು. ಹೀಗಾಗಿ ಹುಡುಗಿ ಬೀದಿಯ ತುದಿಯಲ್ಲಿ ಕಾಣಿಸಿಕೊಂಡ ಕೂಡಲೇ ನಾನು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಜಗುಲಿಯ ಮೇಲೆ ಕುರ್ಚಿ ಎಳೆದು ಕೂತೆ.

ಅವಳು ಕೇಳಿದ್ದು ಎಂಟು ಪ್ರಶ್ನೆ. ನಾನು ಉತ್ತರ ಹೇಳಿದ್ದು ಮುಕ್ಕಾಲು ಗಂಟೆ. ನಮ್ಮ ಜಿಲ್ಲೆಯ ನಾಲ್ಕು ತಾಲೂಕುಗಳ ಟೆಲಿಫೋನ್ ಖರ್ಚಿನ ಬಗ್ಗೆ ನನ್ನದೇ ಒಂದು ಸಿದ್ಧಾಂತವಿತ್ತು, ಅದನ್ನೂ ಹೇಳಿದೆ. ದೇವನಹಳ್ಳಿಯವರು ದ್ರಾಕ್ಷಿ, ಚಕ್ಕೋತದ ರೇಟು ಕೇಳಿ ಇಟ್ಟುಬಿಡುತ್ತಾರೆ, ಆದ್ದರಿಂದ ಕಡಿಮೆ. ನೆಲಮಂಗಲದವರು ಲಾರಿ ಎಲ್ಲಿದೆ ಎಂದು ಕೇಳುತ್ತಾರೆ, ಲಾರಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಆದ್ದರಿಂದ ಮಧ್ಯಮ. ಹೊಸಕೋಟೆ ನನ್ನ ಹೆಂಡತಿಯ ತವರು, ಆದ್ದರಿಂದ ಅತಿ ಹೆಚ್ಚು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಗೆ ಪ್ರತಿಯೊಂದು ಮಾತನ್ನೂ ಎರಡು ಸಲ ಹೇಳಬೇಕು, ಆದ್ದರಿಂದ ಬಿಲ್ಲೂ ಎರಡರಷ್ಟು. ಹುಡುಗಿ ತಲೆಯಾಡಿಸುತ್ತಾ ಕೇಳಿದಳು. ಅವಳ ಪೆನ್ನು ಮಾತ್ರ ಆಡಲಿಲ್ಲ.

ಆಮೇಲೆ ಅವಳು ಪಕ್ಕದ ಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಸರ್ಕಾರಿ ನೌಕರನಾದವನು ಇಂಥ ಕೆಲಸಗಳಿಗೆ ನೆರವಾಗಬೇಕು.

ಪಕ್ಕದ ಮನೆ ಆದಿಲಕ್ಷ್ಮಮ್ಮನದು. ಆಗ ಆಕೆಗೆ ನಲವತ್ತೈದರ ಸುಮಾರು. ಎರಡು ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಿದ್ದ ವಿಧವೆ. ಮಗ್ಗದ ಸ್ವಿಚ್ಚು ಆರಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದರು.

"ಫೋನಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತಮ್ಮಾ?"

"ಏನೂ ಇಲ್ಲ ಕಣವ್ವ."

"ಎಸ್‌ಟಿಡಿ ಬೂತಿಗೆ ಹೋಗೋದು?"

"ಇಲ್ಲ."

"ಹಾಗಾದ್ರೆ ಫೋನ್ ಬಳಸೋದೇ ಇಲ್ಲ ಅಂತ ಬರ್ಕೊಳ್ಲಾ?"

"ದಿನಾ ಬಳಸ್ತೀನಲ್ಲ. ಫೋನಿಲ್ದೆ ನನ್ ಮಗ್ಗ ಹೆಂಗ್ ನಡೀತೈತೆ?"

ಹುಡುಗಿ ತನ್ನ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದಳು. ದಿನಾ ಬಳಸುವ, ಏನೂ ಖರ್ಚು ಮಾಡದ ಮನುಷ್ಯರಿಗೆ ಅದರಲ್ಲಿ ಜಾಗವಿರಲಿಲ್ಲ.

"ಒಂದೇ ಒಂದ್ಸಲ ಖರ್ಚು ಮಾಡಿದ್ದೆ, ಎರಡು ವರ್ಷದ ಹಿಂದೆ," ಎಂದರು ಆದಿಲಕ್ಷ್ಮಮ್ಮ, ನನ್ನ ಕಡೆ ನೋಡಿ. "ಅದೂ ಈ ಸಾರ್ ದೆಸೆಯಿಂದ."

ಹುಡುಗಿ ಸೊನ್ನೆ ಬರೆದುಕೊಂಡು ಹೊರಟಳು. ನನ್ನ ದೆಸೆಯಿಂದ ಏನಾಯಿತು ಎಂದು ಅವಳು ಕೇಳಲಿಲ್ಲ. ನೀವೂ ಕೇಳಿಲ್ಲ, ಆದರೂ ಹೇಳುತ್ತೇನೆ.

ನಾನು ತಾಲೂಕು ಕಛೇರಿಯಲ್ಲಿ ಪ್ರಥಮ ದರ್ಜೆ ಗುಮಾಸ್ತ. ಆಗೀಗ ವಾರಪತ್ರಿಕೆಗಳಿಗೆ ನಗೆಬರಹ ಬರೆಯುತ್ತೇನೆ, ಅಪರೂಪಕ್ಕೆ ಅಚ್ಚಾಗುತ್ತದೆ. ೧೯೮೨ರಲ್ಲಿ ಟೆಲಿಫೋನಿಗೆ ಅರ್ಜಿ ಹಾಕಿದಾಗ ನನ್ನ ತಲೆಯ ತುಂಬ ಕೂದಲಿತ್ತು. ೧೯೮೯ರಲ್ಲಿ ಫೋನು ಬಂದಾಗ ಅದನ್ನು ಹಿಡಿದು ಫೋಟೋ ತೆಗೆಸಿಕೊಳ್ಳಲು ಟೋಪಿ ಬೇಕಾಯಿತು. ಕಪ್ಪು ಬಣ್ಣದ, ಬೆರಳು ತೂರಿಸಿ ತಿರುಗಿಸುವ ಆ ಯಂತ್ರವನ್ನು ಬೀದಿಯಿಂದ ನೇರವಾಗಿ ಕಾಣುವ ಹಾಗೆ ನಡುಮನೆಯ ಸ್ಟೂಲಿನ ಮೇಲೆ ಇಟ್ಟೆ. ನನ್ನ ಹೆಂಡತಿ ಅರುಣಾ ಅದಕ್ಕೆ ಕ್ರೋಷಾ ಹಾಕಿ ಒಂದು ಹೊದಿಕೆ ಹೆಣೆದಳು. ನಾನು ಡಯಲ್ಲಿಗೆ ಒಂದು ಚಿಕ್ಕ ಬೀಗ ತಂದೆ. ಬೀಗದ ಕೈಯನ್ನು ಜನಿವಾರದ ಹಾಗೆ ಕೊರಳಿಗೆ ಹಾಕಿಕೊಂಡೆ. ಸ್ನಾನ ಮಾಡುವಾಗಲೂ ತೆಗೆಯುತ್ತಿರಲಿಲ್ಲ ಎಂದು ಅರುಣಾ ತವರಿನಲ್ಲಿ ಹೇಳಿಕೊಂಡು ಬಂದಿದ್ದಾಳೆ. ಅದು ಸುಳ್ಳು. ಎಣ್ಣೆ ಹಚ್ಚಿಕೊಂಡ ದಿನ ತೆಗೆಯುತ್ತಿದ್ದೆ.

ನನ್ನ ಎಣಿಕೆ ಏನೆಂದರೆ, ಫೋನು ಬಂದ ಮೇಲೆ ದೊಡ್ಡ ದೊಡ್ಡವರು ನನ್ನನ್ನು ಕರೆಯುತ್ತಾರೆ. ಬಂದ ಕರೆಗಳು ಯಾವುವೆಂದರೆ, ಎದುರು ಮನೆಯವರ ಅಳಿಯನದು, ಮೂರನೇ ಮನೆಯವರ ಬೀಗರದು, ಮೂಲೆ ಮನೆಯ ಚೀಟಿಯವರದು. ಬೀದಿಯ ಮೂವತ್ತೊಂದು ಮನೆಯವರೂ ತಮ್ಮ ಲಗ್ನಪತ್ರಿಕೆ, ಬಿಲ್ ಪುಸ್ತಕ ಎಲ್ಲದರಲ್ಲೂ ನನ್ನ ನಂಬರು ಹಾಕಿ ಮುಂದೆ 'ಪಿ.ಪಿ.', ಅಂದರೆ ನೆರೆಮನೆಯ ಫೋನು, ಎಂದು ಅಚ್ಚು ಹಾಕಿಸಿಕೊಂಡಿದ್ದರು. ಫೋನು ನನ್ನದು, ಮಾತು ಅವರದು, ಓಡಿಹೋಗಿ ಕರೆದುಕೊಂಡು ಬರುವ ಕಾಲು ಮತ್ತೆ ನನ್ನದು. ಏಳು ವರ್ಷ ಕಾದು, ಠೇವಣಿ ಕಟ್ಟಿ, ನಾನು ಪಡೆದ ಹುದ್ದೆ ಇದು.

ಆದಿಲಕ್ಷ್ಮಮ್ಮ ಮಾತ್ರ ನನ್ನನ್ನು ಒಂದು ದಿನವೂ ಓಡಿಸಲಿಲ್ಲ. ಆಕೆಯ ಫೋನಿನ ವ್ಯವಹಾರವೇ ಬೇರೆ.

ಆಕೆಯ ಗಂಡ ಅವರ ಮನೆಯ ಕಂಪೌಂಡಿನ ಆಚೆ ಬದಿಯ ಸಂಜೀವಪ್ಪನವರ ಶೆಡ್ಡಿನಲ್ಲಿ ಕೂಲಿಗೆ ನೇಯುತ್ತಿದ್ದವನು. ಆಕೆ ಅದೇ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದರು, ಅಂದರೆ ಹೊಕ್ಕಿನ ನೂಲನ್ನು ಲಾಳಿಗೆ ಕೂರುವಂತೆ ಸುತ್ತಿಕೊಡುವ ಕೆಲಸ. ಗಂಡ ಹೋದ ಎರಡು ವರ್ಷಕ್ಕೆ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಸೇರಿಕೊಂಡ ಪಿಳ್ಳಪ್ಪ ಎಂಬಾತ ತನ್ನ ಎರಡು ಹಳೇ ಮಗ್ಗ ಮಾರಿದ. ಆಕೆ ಇದ್ದ ಬಂಗಾರ ಮಾರಿ ಅವನ್ನು ಕೊಂಡು, ನೂಲೂ ತಾವೇ ತಂದು, ಸ್ವಂತಕ್ಕೆ ನೇಯಲು ಕೂತರು. ನಮ್ಮ ಬೀದಿಯಲ್ಲಿ ಹೆಂಗಸೊಬ್ಬಳು ಹಾಗೆ ಮಾಡಿದ್ದು ಅದೇ ಮೊದಲು. ಇಪ್ಪತ್ತನಾಲ್ಕು ಮಗ್ಗದ ಸಂಜೀವಪ್ಪ ದಾರಿಯಲ್ಲಿ ಸಿಕ್ಕಾಗಲೆಲ್ಲ ನಗುತ್ತಾ ಹೇಳುತ್ತಿದ್ದರು:

"ನಿನ್ ಕಂಡಿಕೆ ರಾಟೆ ಹಂಗೇ ಮಡಗಿವ್ನಿ ಕಣಮ್ಮ. ಯಾರ್‌ಗೂ ಕೊಟ್ಟಿಲ್ಲ."

"ಮಡಗಿರಿ ಅಣ್ಣ. ಧೂಳು ಒರೆಸ್ತಿರಿ," ಎನ್ನುತ್ತಿದ್ದರು ಆಕೆ.

ಸ್ವಂತಕ್ಕೆ ನೇಯುವವರ ಕಷ್ಟ ಒಂದೇ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಈ ವಾರ ಓಡುವ ಬಣ್ಣ ಮುಂದಿನ ವಾರ ಓಡುವುದಿಲ್ಲ. ಹಾಸಿನ, ಅಂದರೆ ಉದ್ದಕ್ಕೆ ಓಡುವ, ನೂಲಿಗೆ ಬಣ್ಣ ಹಾಕಿಸಿ, ಸಾವಿರಾರು ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ ಮಗ್ಗಕ್ಕೆ ಏರಿಸಿದರೆ, ಆ ಬಣ್ಣದ ಹನ್ನೆರಡು ಸೀರೆ ನೇಯ್ದೇ ಇಳಿಸಬೇಕು. ಇಪ್ಪತ್ತನಾಲ್ಕು ಮಗ್ಗದವರಿಗೆ ಒಂದು ಬಣ್ಣ ಕೈಕೊಟ್ಟರೆ ಇನ್ನೊಂದು ಎತ್ತುತ್ತದೆ. ಎರಡು ಮಗ್ಗದವರಿಗೆ ಕೈಕೊಟ್ಟರೆ ಒಂದು ಮಗ್ಗ ಮಾರಬೇಕು, ಆಮೇಲೆ ಇನ್ನೊಂದನ್ನು, ಆಮೇಲೆ ರಾಟೆಯ ಮುಂದೆ ಹೋಗಿ ಕೂರಬೇಕು.

ಆಕೆಯ ಅಣ್ಣನ ಮಗ ರಾಜೇಂದ್ರ ಚಿಕ್ಕಪೇಟೆಯ ಸಗಟು ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಂಗಡಿಯ ಫೋನಿನಲ್ಲಿ ಕೆಲಸಗಾರರು ಮಾತಾಡುವ ಹಾಗಿಲ್ಲ, ಮಾಲೀಕರಾದ ಸೇಟು ಬಿಲ್ಲಿನ ಒಂದೊಂದು ಕಾಲನ್ನೂ ಲೆಕ್ಕ ನೋಡುತ್ತಿದ್ದರು. ಆದರೆ ಯಾರೂ ಎತ್ತದ ಫೋನಿಗೆ ಮೀಟರು ಓಡುವುದಿಲ್ಲ. ಅತ್ತೆ, ಅಳಿಯ ಕೂತು ಒಂದು ಏರ್ಪಾಡು ಮಾಡಿಕೊಂಡರು. ದಿನಾ ಬೆಳಗ್ಗೆ ಹತ್ತಕ್ಕೆ, ಸೇಟು ಬರುವ ಮುಂಚೆ, ರಾಜೇಂದ್ರ ನಮ್ಮ ಮನೆಗೆ ಫೋನು ಹಚ್ಚುತ್ತಾನೆ. ಒಂದು ಸಲ ಹೊಡೆದು ನಿಂತರೆ, ಈಗಿನ ಬಣ್ಣವನ್ನೇ ಮತ್ತೆ ಏರಿಸು. ಎರಡು ಸಲ ಹೊಡೆದರೆ, ಆ ಬಣ್ಣ ಬಿದ್ದಿದೆ, ನಿಲ್ಲಿಸು. ಮೂರು ಹೊಡೆದರೆ, ಸೀರೆ ಕೊಳ್ಳುವ ಹೊರಗಿನ ಪಾರ್ಟಿ ಬಂದಿದೆ, ಇದ್ದಷ್ಟು ಸೀರೆ ತಗೊಂಡು ಮುಂದಿನ ರೈಲು ಹತ್ತು.

ಹತ್ತಾಗುತ್ತಲೇ ಆಕೆಯ ಎರಡೂ ಮಗ್ಗ ನಿಲ್ಲುತ್ತಿದ್ದವು. ಆಕೆ ನಮ್ಮ ಕಿಟಕಿಯ ಕೆಳಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಒಳಗೆ ಅರುಣಾ ಸಾರಿಗೆ ಒಗ್ಗರಣೆ ಹಾಕುವುದನ್ನೂ ನಿಲ್ಲಿಸಿ ಸುಮ್ಮನಿರುತ್ತಿದ್ದಳು. ಇಷ್ಟೆಲ್ಲ ನನ್ನ ಫೋನಿನಲ್ಲಿ ಮೂರು ವರ್ಷ ನಡೆಯಿತು. ಆ ಹೊತ್ತಿಗೆ ನಾನು ಕಛೇರಿಯಲ್ಲಿರುತ್ತಿದ್ದೆ. ಅರುಣಾ ಒಮ್ಮೆ ಹೇಳಿದಾಗ, "ಹೆಂಗಸರ ಆಟ" ಎಂದು ನಕ್ಕು ಮರೆತಿದ್ದೆ.

೧೯೯೨ರಲ್ಲಿ ನಮ್ಮೂರಿನ ಕೆಲವರು ಸೇರಿ ನಗೆಹಬ್ಬ ಮಾಡುವುದೆಂದು ತೀರ್ಮಾನಿಸಿದರು. ಅಧ್ಯಕ್ಷತೆಗೆ ನನ್ನ ಹೆಸರು ಓಡಾಡುತ್ತಿದೆ ಎಂದು ನಂದಕುಮಾರ್ ಎಂಬ ಸಹೋದ್ಯೋಗಿ ಹೇಳಿದ. ಹೆಸರನ್ನು ಓಡಾಡಿಸುತ್ತಿದ್ದವನು ನಾನೇ ಎಂಬುದು ಅವನಿಗೆ ಗೊತ್ತಿರಲಿಲ್ಲ. ಸಮಿತಿಯವರು ಗುರುವಾರ ಬೆಳಗ್ಗೆ ಫೋನು ಮಾಡುತ್ತಾರೆ ಎಂದು ತಿಳಿಯಿತು. ನಾನು ಅರ್ಧ ದಿನ ರಜೆ ಹಾಕಿದೆ. 'ಅನಿವಾರ್ಯ ಗೃಹಕೃತ್ಯ' ಎಂದು ಕಾರಣ ಬರೆದೆ.

ಆ ದಿನವೇ ಅರುಣಾ ತಂಗಿಯ ಮಗುವಿನ ನಾಮಕರಣಕ್ಕೆ ಹೊಸಕೋಟೆಗೆ ಹೊರಟಳು. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು: "ಹತ್ತು ಗಂಟೆಗೆ ಫೋನ್ ಬಂದ್ರೆ ಎತ್ಬೇಡಿ. ಅದಾಗೇ ನಿಲ್ಲುತ್ತೆ, ಬಿಡಿ. ಕೇಳಿಸ್ತಾ?"

"ಹೂಂ," ಎಂದೆ. ಕನ್ನಡಿಯ ಮುಂದೆ ನಿಂತು 'ಹಲೋ' ಎನ್ನುವುದನ್ನು ಅಭ್ಯಾಸ ಮಾಡುತ್ತಿದ್ದೆ. ಜೋರಾಗಿ ಹೇಳಿದರೆ ಕಾದುಕೂತವನ ಹಾಗೆ ಕೇಳಿಸುತ್ತದೆ. ಎದೆಯಿಂದ, ಮೆಲ್ಲಗೆ, ಬೇರೆ ಏನೋ ಯೋಚನೆಯಲ್ಲಿದ್ದವನ ಹಾಗೆ ಹೇಳಬೇಕು.

ಒಂಬತ್ತೂವರೆಯಿಂದ ಫೋನಿನ ಪಕ್ಕ ಕೂತೆ. ಕ್ರೋಷಾ ಹೊದಿಕೆ ತೆಗೆದಿಟ್ಟೆ. ಕೈ ರಿಸೀವರಿನ ಮೇಲೇ ಇತ್ತು. ಹತ್ತಕ್ಕೆ ಸರಿಯಾಗಿ ಅದು ಹೊಡೆಯಿತು. ಮೊದಲ ಗಂಟೆ ಮುಗಿಯುವ ಮುಂಚೆಯೇ ಎತ್ತಿ, ಎದೆಯಿಂದ ಮೆಲ್ಲಗೆ 'ಹಲೋ' ಎಂದೆ. ಆ ಕಡೆ ಯಾರೋ ಬೆಚ್ಚಿಬಿದ್ದು ಉಸಿರೆಳೆದ ಸದ್ದು. ಆಮೇಲೆ ಕಟ್ಟಾಯಿತು.

ಕಿಟಕಿಯ ಹೊರಗಿನಿಂದ ಆದಿಲಕ್ಷ್ಮಮ್ಮನ ದನಿ ಬಂತು.

"ಸಾರ್, ನೀವಾ ಮನೇಲಿರೋದು? ಒಂದೇ ಅಲ್ವಾ ಹೊಡೆದಿದ್ದು?"

ಅಧ್ಯಕ್ಷನೊಬ್ಬ ಕರೆಗಾಗಿ ಕಾಯುತ್ತಿರುವಾಗ ಕಿಟಕಿಯಲ್ಲಿ ಮಾತುಕತೆ ಶೋಭಿಸುವುದಿಲ್ಲ. "ಒಂದೇ, ಒಂದೇ" ಎಂದು ಕೈ ಬೀಸಿದೆ. ಎತ್ತಿದೆ ಎಂದು ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೂ ಇಲ್ಲ. ಆಕೆ ಹೋದರು, ಮಗ್ಗಗಳು ಶುರುವಾದವು. ಐದು ನಿಮಿಷಕ್ಕೆ ಮತ್ತೆ ಫೋನು ಹೊಡೆಯಿತು. ಮತ್ತೆ ಮೊದಲ ಗಂಟೆಗೇ ಎತ್ತಿದೆ. ಮತ್ತೆ ಕಟ್ಟಾಯಿತು. ಸಮಿತಿಯವರು ಸಂಕೋಚದ ಜನ ಎಂದುಕೊಂಡೆ.

ಹನ್ನೊಂದೂವರೆಗೆ ಸಮಿತಿಯ ಕಾರ್ಯದರ್ಶಿ ನಿಜವಾಗಿಯೂ ಫೋನು ಮಾಡಿದರು. ಬಹಳ ವಿನಯದಿಂದ ಮಾತಾಡಿದರು. ಆಹ್ವಾನಪತ್ರಿಕೆ ಅಚ್ಚಿಗೆ ಹೋಗುತ್ತಿದೆ, 'ವಿವರಗಳಿಗೆ ಸಂಪರ್ಕಿಸಿ' ಎಂದು ಕೆಳಗೆ ಒಂದು ನಂಬರು ಬೇಕಾಗಿತ್ತು, ತಮ್ಮ ನಂಬರು ಹಾಕಿಕೊಳ್ಳಬಹುದೇ ಎಂದರು. ಹೆಸರು ಬೇಡವೇ ಎಂದೆ. ಹೆಸರು ಹಾಕಿದರೆ ಜಾಗ ಸಾಲುವುದಿಲ್ಲ ಸಾರ್, ನಂಬರು ಸಾಕು ಎಂದರು.

ಭಾನುವಾರ ಮಧ್ಯಾಹ್ನ ರಾಜೇಂದ್ರ ರೈಲಿಗೆ ಬಂದ. ಊಟ ಮಾಡುತ್ತಾ ಅತ್ತೆಗೆ ಹೇಳಿದನಂತೆ: "ಗುರುವಾರ ಎರಡು ಹೊಡೆಯೋಕೆ ಎಷ್ಟ್ ಪಾಡು ಪಟ್ಟೆ ಅತ್ತೆ. ಯಾವನೋ ದೆವ್ವ ಹೊಕ್ಕಿರೋನ ಥರ ಮೆಲ್ಲಗೆ ಹಲೋ ಅಂದ. ಇನ್ನೊಂದ್ಸಲ ಮಾಡುದ್ರೆ ಅದೇ ದೆವ್ವ. ಅಷ್ಟ್ರಲ್ಲಿ ಸೇಟು ಬಂದ್ಬಿಟ್ರು. ಶುಕ್ರವಾರ, ಶನಿವಾರಾನೂ ಬೇಗ ಬಂದು ಕೂತಿದ್ರು, ಫೋನ್ ಮುಟ್ಟೋಕೇ ಆಗ್ಲಿಲ್ಲ."

ಅಷ್ಟು ಹೊತ್ತಿಗೆ ಎರಡೂ ಮಗ್ಗದ ಮೇಲೆ ಮತ್ತೆ ಅದೇ ಗಿಳಿಹಸಿರು ಹಾಸು ಏರಿ, ಗಂಟು ಹಾಕಿ ಮುಗಿದಿತ್ತು. ಚಿಕ್ಕಪೇಟೆಯಲ್ಲಿ ಗಿಳಿಹಸಿರನ್ನು ಯಾರೂ ಮೂಸುತ್ತಿರಲಿಲ್ಲ. ಇಪ್ಪತ್ತನಾಲ್ಕು ಸೀರೆಯ ರೇಷ್ಮೆ.

ಆಕೆ ನಮ್ಮ ಮನೆಗೆ ಬಂದರು. ಕೂಗಾಡಿದ್ದರೆ ನಾನೂ ಒಂದೆರಡು ಮಾತು ಆಡಿ ಹಗುರಾಗುತ್ತಿದ್ದೆ. ಆಕೆ ಬಾಗಿಲ ಬಳಿ ನಿಂತು, ಫೋನಿನ ಕಡೆಯೇ ನೋಡುತ್ತಾ ಕೇಳಿದರು.

"ಎತ್ತಿದ್ರಾ ಸಾರ್?"

"ಎತ್ತಿದೆ," ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಆದ್ರೂ ಆದಿಲಕ್ಷ್ಮಮ್ಮೋರೆ, ಫೋನ್ ಇರೋದೇ ಎತ್ತೋಕಲ್ವಾ?"

"ನಿಮ್ಗೆ ಎತ್ತೋಕೆ. ನಮ್ಗೆ ಎತ್ದೆ ಇರೋಕೆ."

ಅರುಣಾ ಅಡುಗೆಮನೆಯಿಂದ ಬಂದಳು. "ನಾನ್ ಹೇಳಿ ಹೋಗಿದ್ನಲ್ರೀ."

"ನೀನು ಹೇಳಿದ್ದು ಸಂಸಾರದ ಮಾತು ಅಂದ್ಕೊಂಡೆ."

"ಮಗ್ಗ ಅವ್ರ ಸಂಸಾರ ಅಲ್ವಾ?"

ನಗೆಬರಹಗಾರನಿಗೆ ಉತ್ತರ ಹೊಳೆಯುವುದು ಮೂರು ದಿನ ಬಿಟ್ಟು, ಅದೂ ಬೇರೆಯವರ ಪ್ರಶ್ನೆಗೆ.

ಸಂಜೆ ಸಂಜೀವಪ್ಪ ಕಂಪೌಂಡಿನ ಮೇಲೆ ಕೈಯೂರಿ ನಿಂತು, ಗಿಳಿಹಸಿರು ಹಾಸನ್ನು ಕಿಟಕಿಯಿಂದ ನೋಡಿದರು. ಈ ಸಲ ನಗಲಿಲ್ಲ. "ಒಂದು ಮಗ್ಗ ನಾನೇ ತಗೋತೀನಿ ಕಣಮ್ಮ. ರೇಟು ಮೋಸ ಮಾಡಕಿಲ್ಲ," ಎಂದರು. ಅವರು ನಗುತ್ತಿದ್ದಾಗ ನನಗಿದ್ದ ಧೈರ್ಯ ಆ ಮಾತು ಕೇಳಿ ಕುಸಿಯಿತು. ಆಕೆ ಒಳಗೆ ಹೋಗಿ ದೀಪ ಹಾಕಿದರು.

ಹಾಸಿನ ಬಣ್ಣ ಬದಲಿಸಲು ಆಗುವುದಿಲ್ಲ. ಆದರೆ ಅಡ್ಡಕ್ಕೆ ಓಡುವ ಹೊಕ್ಕಿನ ಬಣ್ಣ ನೇಯುವವರ ಕೈಲಿರುತ್ತದೆ. ಸೋಮವಾರ ಬೆಳಗ್ಗೆ ಆಕೆ ಮನೆಯಲ್ಲಿದ್ದ ಹಳೇ ನೂಲನ್ನೆಲ್ಲ ಕೆದಕಿ, ತಮ್ಮ ಕೈಯಾರೆ ಕಂಡಿಕೆ ಸುತ್ತಿ, ಗಿಳಿಹಸಿರಿನ ಮೇಲೆ ಒಂದೊಂದು ಗೇಣು ನೇಯ್ದು ನೋಡಿದರು. ಕೆಂಪು ಹೊಕ್ಕು ಹಾಕಿದರೆ ತುಕ್ಕು ಹಿಡಿದ ತಗಡಿನ ಹಾಗೆ ಕಂಡಿತು. ಹಳದಿ ಹಾಕಿದರೆ ಹುಷಾರಿಲ್ಲದ ಮಗುವಿನ ಬಟ್ಟೆಯ ಹಾಗೆ ಕಂಡಿತು ಎಂದು ಅರುಣಾ ಹೇಳಿದಳು. ಮೂರನೆಯದು ಕಡುನೀಲಿ. ಅರುಣಾ ನನ್ನನ್ನು ಕರೆದಳು. ಬಟ್ಟೆಯನ್ನು ಹೀಗೆ ಹಿಡಿದರೆ ಹಸಿರು, ಹಾಗೆ ಹಿಡಿದರೆ ನೀಲಿ, ನಡುವೆ ಅಲುಗಾಡಿಸಿದರೆ ನವಿಲಿನ ಕತ್ತು.

"ಚೆನ್ನಾಗಿದೆ," ಎಂದೆ.

"ನಿಮ್ಗೆ ಗಿಳಿಹಸಿರೂ ಚೆನ್ನಾಗೇ ಕಾಣ್ತೈತೆ ಸಾರ್," ಎಂದರು ಆಕೆ. "ಸೇಟು ಏನಂತಾರೋ ಕೇಳ್ಬೇಕು. ಒಂದ್ ಫೋನ್ ಮಾಡ್ಬೇಕಲ್ಲ."

ಮೂರು ವರ್ಷದಲ್ಲಿ ಆಕೆ ಮೊದಲ ಸಲ ನಮ್ಮ ನಡುಮನೆಗೆ ಬಂದು ಸ್ಟೂಲಿನ ಮುಂದೆ ನಿಂತರು. ನಾನು ಕೊರಳಿನ ಬೀಗದ ಕೈ ತೆಗೆದೆ. ದುಡ್ಡು ಬೇಡ, ಎಷ್ಟು ಹೊತ್ತು ಬೇಕಾದರೂ ಮಾತಾಡಿ ಎಂದೆ. ಆಕೆ ಅದನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ.

"ಅರುಣಮ್ಮ, ಬೆಂಗಳೂರಿಗೆ ಒಂದು ಕಾಲಿನ ದುಡ್ಡಿಗೆ ಎಷ್ಟೊತ್ತು ಮಾತಾಡ್ಬೋದು?"

ಅರುಣಾ ಹೇಳಿದಳು. ಆಕೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಾ ಎರಡು ಸಲ ಮಾತನ್ನು ಹೇಳಿಕೊಂಡು ನೋಡಿದರು. ಎರಡನೇ ಸಲ ಎರಡು ಪದ ಬಿಟ್ಟರು. ಆಮೇಲೆ ನಂಬರು ತಿರುಗಿಸಲು ಹೇಳಿದರು. ಆ ಕಡೆ ಸೇಟು ಎತ್ತಿದ ಕೂಡಲೇ, 'ಹಲೋ' ಎಂಬುದನ್ನು ದಂಡವೆಂದು ಕೈಬಿಟ್ಟು, ನೇರವಾಗಿ ಶುರು ಮಾಡಿದರು:

"ಸೇಟು, ದೊಡ್ಡಬಳ್ಳಾಪುರದ ಆದಿಲಕ್ಷ್ಮಮ್ಮ. ಗಿಳಿಹಸಿರು ಹಾಸಿಗೆ ನೀಲಿ ಹೊಕ್ಕು ಹಾಕಿವ್ನಿ. ನವಿಲು ಕತ್ತು ಬಂದೈತೆ. ಬುಧವಾರ ಒಂದು ಸೀರೆ ತರ್ತೀನಿ. ಕೈಯಾಗ್ ಹಿಡ್ದು ನೋಡಿ, ಆಮೇಲೆ ಬೇಡ ಅನ್ನಿ. ಬರ್ಲೋ ಬೇಡ್ವೋ?"

ಸೇಟು ಏನೋ ಅಂದರು.

"ಬೇರೆ ಅಂಗ್ಡಿಗೂ ತೋರುಸ್ತೀನಿ. ಮೊದ್ಲು ನಿಮ್ಗೆ. ಸರಿ," ಎಂದು ಇಟ್ಟುಬಿಟ್ಟರು.

ನಾನು ಗಡಿಯಾರ ನೋಡುತ್ತಿದ್ದೆ. ಅರ್ಧ ನಿಮಿಷಕ್ಕೂ ಕಡಿಮೆ. ಅಷ್ಟು ಹೊತ್ತಿನಲ್ಲಿ ನಾನು ಯಾರೆಂದು ಹೇಳಿ ಮುಗಿಸಲೂ ನನ್ನ ಕೈಲಾಗುವುದಿಲ್ಲ. ಆಕೆ ಸೊಂಟದ ಸಂಚಿಯಿಂದ ಚಿಲ್ಲರೆ ತೆಗೆದು, ನನ್ನ ಕೈಗಲ್ಲ, ಕ್ರೋಷಾ ಹೊದಿಕೆಯ ಮೇಲಿಟ್ಟು ಹೋದರು.

ಬುಧವಾರ ಬೆಳಗಿನ ರೈಲಿಗೆ ಆಕೆ ಒಂದೇ ಸೀರೆ ಇಟ್ಟುಕೊಂಡು ಹೊರಟರು. ಅವತ್ತು ಕಛೇರಿಯಲ್ಲಿ ನಾನು ಒಂದೂ ಕಡತ ಬಿಚ್ಚಲಿಲ್ಲ. ಅದೇನೂ ವಿಶೇಷವಲ್ಲ, ಆದರೆ ಅವತ್ತು ಅದಕ್ಕೆ ಕಾರಣವಿತ್ತು. ನಾಲ್ಕೂವರೆಗೇ ಮನೆಗೆ ಬಂದು ಜಗುಲಿಯ ಮೇಲೆ ಕೂತೆ. ಎರಡು ಮಗ್ಗಗಳೂ ಸುಮ್ಮನಿದ್ದವು. ನನ್ನದು ತಪ್ಪು ಎಂದು ಹೇಳಲು ಒಳ್ಳೆಯದೊಂದು ಮಾತು ಜೋಡಿಸುತ್ತಿದ್ದೆ. ಅದು ಉದ್ದವಾಗುತ್ತಲೇ ಇತ್ತು.

ಐದೂಮುಕ್ಕಾಲಿಗೆ ಆಕೆ ಬೀದಿಯ ತುದಿಯಲ್ಲಿ ಕಾಣಿಸಿದರು. ಕೈಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡಿದ್ದರು. ಸಂಜೀವಪ್ಪ ಶೆಡ್ಡಿನ ಬಾಗಿಲಿಗೆ ಬಂದರು.

"ಏನಂದ್ರಮ್ಮ ಸೇಟು?"

"ಸೀರೆ ಇಟ್ಕೊಂಡ್ರು ಅಣ್ಣ. ಇಪ್ಪತ್ಮೂರೂ ಕಳಿಸು ಅಂದ್ರು. ರೇಟು ಸ್ವಲ್ಪ ಮುರುದ್ರು." ಉಸಿರು ತೆಗೆದುಕೊಂಡು ಹೇಳಿದರು: "ಮಗ್ಗ ಮಾರೋದಿಲ್ಲ."

"ಸರಿ ಬಿಡಮ್ಮ," ಎಂದರು ಸಂಜೀವಪ್ಪ. ಒಳಗೆ ಹೋಗುವ ಮುನ್ನ ನನ್ನ ಕಡೆ ಒಂದು ಸಲ ನೋಡಿದರು. ಆ ನೋಟದಲ್ಲಿ ನಾನು ಕೂಲಿ ನೇಯ್ಗೆಗೂ ಲಾಯಕ್ಕಿರಲಿಲ್ಲ.

ನಾನು ಎದ್ದು ನಿಂತು ನನ್ನ ಮಾತು ಶುರು ಮಾಡಿದೆ. "ಆದಿಲಕ್ಷ್ಮಮ್ಮೋರೆ, ಗುರುವಾರ ಆದದ್ದಕ್ಕೆ ನಾನು ಹೃತ್ಪೂರ್ವಕವಾಗಿ..."

"ಸಾರ್, ಕಾಲು ನೋಯ್ತೈತೆ. ಒಂದ್ ಉಪ್ಕಾರ ಮಾಡಿ. ನೀವು ಬೆಳಗ್ಗೆ ಮನೇಲಿರೋ ದಿನ ಯಾವ್ಯಾವ್ದು ಅಂತ ಒಂದು ಚೀಟಿ ಬರ್ಕೊಡಿ. ಆವತ್ತು ಫೋನ್ ಮಾಡ್ಬೇಡ ಅಂತ ರಾಜೇಂದ್ರಂಗೆ ಹೇಳ್ತೀನಿ. ಆ ದಿನದ್ದು ಅವ್ನು ಕಾಗ್ದ ಹಾಕುದ್ರಾಯ್ತು."

ನನ್ನ ಮುಂದಿನ ಕಾರ್ಯಕ್ರಮಗಳ ಪಟ್ಟಿಯನ್ನು ಯಾರಾದರೂ ಕೇಳಲಿ ಎಂದು ನಾನು ಎಷ್ಟೋ ವರ್ಷದಿಂದ ಕಾಯುತ್ತಿದ್ದೆ. ಒಳಗೆ ಹೋಗಿ ಗೆರೆ ಹಾಕಿದ ಒಳ್ಳೆಯ ಕಾಗದ ತೆಗೆದುಕೊಂಡು ಎರಡನೇ ಶನಿವಾರಗಳು, ಹಬ್ಬದ ರಜೆಗಳು, ಉಳಿದಿರುವ ಸಾಂದರ್ಭಿಕ ರಜೆಗಳು ಎಂದು ವಿಂಗಡಿಸಿ ವರ್ಷದ ಕೊನೆಯವರೆಗೂ ಬರೆದೆ. ಕಾಯಿಲೆ ಬಿದ್ದರೆ ಹಿಂದಿನ ದಿನವೇ ತಿಳಿಸಲಾಗುವುದು ಎಂದು ಷರಾ ಹಾಕಿದೆ. ಕಂಪೌಂಡಿನ ಮೇಲಿಂದ ಆಕೆಯ ಕೈಗೆ ಕೊಟ್ಟೆ. ಆಕೆ ಮಗ್ಗದ ಸ್ವಿಚ್ಚಿನ ಪಕ್ಕದ ಮೊಳೆಗೆ ಸಿಕ್ಕಿಸಿಕೊಳ್ಳಲು ಹೋದವರು ಕೆಳಗಿನ ಸಾಲು ನೋಡಿ ನಿಂತರು.

"ಸಹಿ ಬೇಕಿರ್ಲಿಲ್ಲ ಸಾರ್."

ಆದರೆ ಅಷ್ಟು ಹೊತ್ತಿಗೆ ಮಾಡಿಯಾಗಿತ್ತು, ಹುದ್ದೆಯ ಸಮೇತ.